ಕೆರೆ ಕಟ್ಟಿದ ಶಿವಯೋಗಿ ಶ್ರೀ ಗುರು ಸಿದ್ಧರಾಮೇಶ್ವರರು

ಅಜ್ಜಂಪುರ, ಶಿವನಿ, ತರೀಕೆರೆ, ಕಡೂರು ಸೀಮೆಯಲ್ಲಿ ಸಿದ್ಧರಾಮಪ್ಪ, ಸಿದ್ರಾಮಣ್ಣ, ಸಿದ್ದಮ್ಮ ಎಂಬ ಹೆಸರಿನವರು ಇಲ್ಲದ ಕೇರಿ ಹುಡುಕೋದು ಕಷ್ಟ. ಹುಟ್ಟಿದ ಮಗುವಿಗೆ ಹೆಸರಿಡುವಾಗ, ಹೊಸ ಹೊಲಕ್ಕೆ ನೇಗಿಲು ಹೂಡುವಾಗ, ಬೋರು ಕೊರೆಸುವಾಗ ಮೊದಲು ನೆನೆಯುವುದು ಗುರುಸಿದ್ಧರಾಮನನ್ನೇ. ಈ ಭಾಗದ ನೊಳಂಬ ಲಿಂಗಾಯತ ಮನೆತನಗಳಿಗೆ ಅವರು ಕುಲಗುರು. ಅಜ್ಜಂಪುರ ಸೀಮೆಯಲ್ಲೇ ಸೊಲ್ಲಾಪುರ ಎಂಬ ಊರಿದ್ದು, ಅಲ್ಲಿ ಗುರುಸಿದ್ಧರಾಮೇಶ್ವರ ಸ್ವಾಮಿಯ ಸನ್ನಿಧಿ ಇದೆ. ದೂರದ ಸೊನ್ನಲಿಗೆಯಲ್ಲಿ ಹುಟ್ಟಿದ ಮಹಾತ್ಮರೊಬ್ಬರು ನಮ್ಮ ಬಯಲಿನ ಮನೆಮನೆಯ ದೇವರಾದದ್ದು ಹೇಗೆ? ಅವರು ಪವಾಡ ಮಾಡಿದರು ಅಂತ ಮಾತ್ರವಲ್ಲ, ಅವರು ಮಣ್ಣು ಹೊತ್ತರು, ಕೆರೆ ಕಟ್ಟಿದರು, ಕೆಲಸ ಅಂದರೆ ಏನು ಅನ್ನುವುದನ್ನು ತಾವು ಬದುಕಿ ತೋರಿಸಿದರು ಅಂತ. ಅದಕ್ಕೇ ಅವರನ್ನು ಕರ್ಮಯೋಗಿ ಎಂದು ಕರೆಯುತ್ತಾರೆ.

ಬೆಟ್ಟ ಹತ್ತಿ ಬಂದ ಭಕ್ತಾದಿಗಳು ಸ್ವಲ್ಪ ಹೊತ್ತು ಮಂಟಪದ ನೆರಳಲ್ಲಿ ಕೂತು ಈ ಪುಣ್ಯಕಥೆಯನ್ನು ಓದಬೇಕು. ಓದು ಬಾರದ ಹಿರಿಯರು ಜೊತೆಗಿದ್ದರೆ ಅವರಿಗೆ ಓದಿ ಹೇಳಬೇಕು.

ಜನನ ಮತ್ತು ಬಾಲ್ಯ

12ನೇ ಶತಮಾನದ ಮಾತು. ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ ನಗರಕ್ಕೆ ಆಗ ಸೊನ್ನಲಿಗೆ ಎಂದು ಹೆಸರು. ಕನ್ನಡ ಮಾತಾಡುವ ನಾಡು ಅದು, ಇವತ್ತಿಗೂ ಅಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಆ ಊರಿನ ಮುದ್ದಗೌಡ ಮತ್ತು ಸುಗ್ಗವ್ವೆ ದಂಪತಿಗಳಿಗೆ ವಯಸ್ಸು ಮೀರಿದ ಮೇಲೆ ಮಗ ಹುಟ್ಟಿದ. ಇವರ ಹೊಟ್ಟೆಯಲ್ಲಿ ಒಬ್ಬ ಶಿವಯೋಗಿ ಹುಟ್ಟುತ್ತಾನೆಂದು ರೇವಣಸಿದ್ಧರು ಮೊದಲೇ ಹರಸಿದ್ದರಂತೆ. ತಂದೆತಾಯಿಗಳು ಮಗುವಿಗೆ ಧೂಳಿಮಾಕಾಳ ಎಂದು ಹೆಸರಿಟ್ಟರು. ಮುಂದೆ ಅದೇ ಮಗು ಸಿದ್ಧರಾಮನಾಯಿತು.

ಹುಡುಗ ಎಲ್ಲರಂತೆ ಇರಲಿಲ್ಲ. ಮಾತು ಕಡಿಮೆ, ಆಟ ಕಡಿಮೆ, ಕರೆದರೆ ತಿರುಗಿ ನೋಡುವುದೂ ಅಪರೂಪ. ಊರವರು ಮಂಕು ಹುಡುಗ ಅಂದುಕೊಂಡರು. ಮನೆಯವರು ಸುಮ್ಮನೆ ಕೂರಿಸುವ ಬದಲು ದನ ಕಾಯೋದಕ್ಕೆ ಹಚ್ಚಿದರು. ಬೇರೆ ಏನೂ ಬಾರದವನಿಗೆ ಕೊಡುವ ಕೆಲಸ ದನ ಕಾಯೋದು ಅಂತ ಇವತ್ತಿಗೂ ಹಳ್ಳಿಯಲ್ಲಿ ಹೇಳ್ತಾರೆ. ಆದರೆ ಕಾದವರಿಗೆ ಗೊತ್ತು ಅದರ ಕಷ್ಟ. ದನ ಎಲ್ಲಿ ಮೇಯ್ತಾ ಇದೆ, ಯಾರ ಹೊಲಕ್ಕೆ ಬಾಯಿ ಹಾಕ್ತಾ ಇದೆ, ನೀರು ಎಲ್ಲಿದೆ, ಮಳೆ ಯಾವ ಕಡೆಯಿಂದ ಬರ್ತಾ ಇದೆ, ಇಷ್ಟರ ಮೇಲೂ ಕಣ್ಣಿರಬೇಕು. ಭೂಮಿಯ ಏರು ತಗ್ಗು, ನೀರು ಹರಿಯುವ ದಾರಿ ದನಗಾಹಿಗೆ ಗೊತ್ತಿರುವಷ್ಟು ಮತ್ಯಾರಿಗೂ ಗೊತ್ತಿರುವುದಿಲ್ಲ. ಮುಂದೆ ದೊಡ್ಡ ಕೆರೆ ಕಟ್ಟಿಸಿದ ಕಣ್ಣು ದನದ ಹಿಂದೆ ತಿರುಗಿದ ಕಣ್ಣೇ.

ಮಲ್ಲಯ್ಯನ ದರ್ಶನ

ಒಂದು ದಿನ ಹೊಲದಲ್ಲಿದ್ದಾಗ ಒಬ್ಬ ಜಂಗಮ ಬಂದ. ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದು ಹೇಳಿದ. ಹಸಿವಾಗಿದೆ ಅಂದ. ಹುಡುಗ ತೆನೆ ಮುರಿದು, ಸುಟ್ಟು, ಉಜ್ಜಿ ಕೈಗೆ ಕೊಟ್ಟ. ತಿಂದ ಜಂಗಮ ಹೊಟ್ಟೆ ಉರಿಯುತ್ತಿದೆ, ಮೊಸರನ್ನ ಬೇಕು ಅಂದ. ಹುಡುಗ ದನಗಳನ್ನು ಬಿಟ್ಟು ಮನೆಗೆ ಓಡಿ, ತಾಯಿ ಕೈಯಿಂದ ಮೊಸರನ್ನ ಕಟ್ಟಿಸಿಕೊಂಡು ಬಂದು ನೋಡಿದರೆ ಜಂಗಮ ಇಲ್ಲ. ಹುಡುಗ ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗುತ್ತಾ ಹೊಲವೆಲ್ಲಾ ಹುಡುಕಿದ. ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಸಿಕ್ಕರು. ನಿನ್ನ ಮಲ್ಲಯ್ಯನನ್ನು ತೋರಿಸುತ್ತೇವೆ ಬಾ ಅಂದರು. ಅಷ್ಟು ಸಾಕಾಯಿತು, ಮೊಸರನ್ನದ ಗಂಟು ಹಿಡಿದು ಹುಡುಗ ಅವರ ಹಿಂದೆ ಹೊರಟೇಬಿಟ್ಟ.

ಶ್ರೀಶೈಲದಲ್ಲಿ ಯಾತ್ರಿಕರು ಗರ್ಭಗುಡಿಯ ಲಿಂಗ ತೋರಿಸಿ ಇವನೇ ಮಲ್ಲಯ್ಯ ಅಂದರು. ಹುಡುಗ ಒಪ್ಪಲಿಲ್ಲ. ತನ್ನ ಹತ್ತಿರ ಮಾತಾಡಿದ, ಹಸಿವು ಎಂದು ಕೈ ಚಾಚಿದ ಮಲ್ಲಯ್ಯ ಅವನಿಗೆ ಬೇಕಾಗಿತ್ತು. ಬೆಟ್ಟವೆಲ್ಲಾ ತಿರುಗಿ, ಕೂಗಿ ಕೂಗಿ ಗಂಟಲು ಬತ್ತಿ, ಕೊನೆಗೆ ಕಮರಿಗೆ ಹಾರಲು ಹೊರಟಾಗ ಸಾಕ್ಷಾತ್ ಮಲ್ಲಿಕಾರ್ಜುನನೇ ಕೈ ಹಿಡಿದ ಎಂದು ಪುರಾಣ ಹೇಳುತ್ತದೆ. ಹರಿಹರನ ಶಿಷ್ಯನಾದ ಕವಿ ರಾಘವಾಂಕನು ಸಿದ್ಧರಾಮ ಚಾರಿತ್ರ ಎಂಬ ಕಾವ್ಯದಲ್ಲಿ ಈ ಕಥೆಯನ್ನು ಹಾಡಿದ್ದಾನೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ದರ್ಶನವಾದ ಮೇಲೆ ಹುಡುಗ ಶ್ರೀಶೈಲದಲ್ಲೇ ಉಳಿಯಬಹುದಿತ್ತು. ಮಲ್ಲಯ್ಯ ಹಾಗೆ ಬಿಡಲಿಲ್ಲ. ಊರಿಗೆ ಹಿಂದಿರುಗು, ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲ ಮಾಡು ಎಂದು ಅಪ್ಪಣೆ ಕೊಟ್ಟು ಕಳಿಸಿದ. ದೇವರನ್ನು ಕಂಡವನಿಗೆ ಸಿಕ್ಕ ಪ್ರಸಾದ ಅಂದರೆ ಕೆಲಸ!

ಸೊನ್ನಲಿಗೆಯ ಕೆರೆ

ಊರಿಗೆ ಬಂದ ಸಿದ್ಧರಾಮ ಗುಡಿ ಕಟ್ಟಿಸಿದರು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂದು ದೇವರಿಗೆ ಹೆಸರಾಯಿತು, ಅದೇ ಮುಂದೆ ಅವರ ವಚನಗಳ ಅಂಕಿತವೂ ಆಯಿತು. ಸೊನ್ನಲಿಗೆಯ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು. ಆಮೇಲೆ ಕೈ ಹಾಕಿದ್ದೇ ಕೆರೆಗೆ.

ಕೆರೆ ಅಂದರೆ ಗುಂಡಿ ತೋಡಿದರೆ ಆಗುವಂಥದ್ದಲ್ಲ. ಸುತ್ತಲ ನೀರೆಲ್ಲಾ ಇಳಿದು ಬರುವ ತಗ್ಗು ನೋಡಬೇಕು. ನೀರು ಹೋಗುವ ಕಡೆಗೆ ಅಡ್ಡಲಾಗಿ ಏರಿ ಹಾಕಬೇಕು. ಏರಿಗೆ ಸಿಕ್ಕಿದ ಮಣ್ಣು ಹಾಕಿದರೆ ಮೊದಲ ಮಳೆಗೇ ಸೀಳುತ್ತದೆ, ಜಿಗುಟು ಮಣ್ಣು ತಂದು, ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ತುಳಿದು ತುಳಿದು ಗಟ್ಟಿ ಮಾಡಬೇಕು. ಒಳಮೈಗೆ ಕಲ್ಲು ಜೋಡಿಸಬೇಕು. ಬೇಕಾದಾಗ ನೀರು ಬಿಡಲು ತೂಬು ಇಡಬೇಕು, ಹೆಚ್ಚಾದ ನೀರು ಏರಿ ಒಡೆಯದ ಹಾಗೆ ಹೊರಗೆ ಹೋಗಲು ಕೋಡಿ ಬಿಡಬೇಕು. ಕಟ್ಟಿದ ಮೇಲೂ ಕೆಲಸ ಮುಗಿಯೋದಿಲ್ಲ. ವರ್ಷವರ್ಷ ಹೂಳು ಎತ್ತಬೇಕು, ಏರಿ ಮೇಲೆ ಬೆಳೆದ ಗಿಡ ಕೀಳಬೇಕು, ಇಲಿ ಹೆಗ್ಗಣದ ಬಿಲ ಮುಚ್ಚಬೇಕು.

ಇಷ್ಟು ಕೆಲಸವನ್ನು ಒಬ್ಬ ಮಾಡಲಾರ. ಸಾವಿರಾರು ಜನ ಸೇರಿದರು. ಗುದ್ದಲಿ ಹಿಡಿದವರು, ಮಂಕರಿ ಹೊತ್ತವರು, ಕಲ್ಲು ಸೀಳುವ ಒಡ್ಡರು, ಅಡುಗೆ ಮಾಡಿ ಬಡಿಸುವವರು. ಇವರು ಯಾಕೆ ಬಂದರು ಅಂತ ಕೇಳಿದರೆ ಉತ್ತರ ಒಂದೇ ಇರಲಾರದು. ಕೆಲವರು ಊಟಕ್ಕಾಗಿ ಬಂದರು. ಕೆಲವರು ಪುಣ್ಯ ಬರುತ್ತದೆ ಎಂದು ಬಂದರು. ತಮ್ಮ ಹೊಲಕ್ಕೆ ನೀರು ಹರಿಯುತ್ತದೆಂದು ಬಂದವರೂ ಇದ್ದರು, ಪಕ್ಕದ ಮನೆಯವನು ಹೊರಟ ಅಂತ ಹೊರಟವರೂ ಇದ್ದರು, ಸಿದ್ಧರಾಮರ ಮೇಲಿನ ಪ್ರೀತಿಗೆ ಬಂದವರೂ ಇದ್ದರು. ಇದರಲ್ಲಿ ತಪ್ಪೇನೂ ಇಲ್ಲ. ಮನುಷ್ಯ ಮೊದಲು ಕೈ ಆಡಿಸೋದು ಹೊಟ್ಟೆಗಾಗಿಯೇ.

ಹಿಂದಿನ ಕಾಲದ ಅರಸರಿಗೂ ಇದು ಗೊತ್ತಿತ್ತು. ನಮ್ಮ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆ ಕಟ್ಟಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಮತ್ತು ಆದಾಯ ಅದು. ದುಡಿದವನ ಕೈ ಬರಿದಾಗಿ ಕಳಿಸಬಾರದು ಎನ್ನುವ ಧರ್ಮ ಕಲ್ಲಿನ ಮೇಲೆ ಬರೆದಿತ್ತು.

ಪ್ರಭುದೇವರು ಬಂದರು

ಕೆರೆಯ ಕೆಲಸ ಭರದಿಂದ ನಡೆದಿತ್ತು. ಸಿದ್ಧರಾಮರ ಹೆಸರು ನಾಡಿನ ಮೂಲೆಮೂಲೆಗೆ ಹಬ್ಬಿತ್ತು. ಆಗ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದರು. ಶೂನ್ಯಸಂಪಾದನೆ ಎಂಬ ಗ್ರಂಥದಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ.

ಪ್ರಭುದೇವರು ಬಂದವರೇ ಕೆಲಸ ಮಾಡುತ್ತಿದ್ದವರನ್ನು ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳಿದರಂತೆ. ತಮ್ಮ ಗುರುವನ್ನು ಮಣ್ಣು ಹೊರುವ ಒಡ್ಡ ಎಂದು ಕರೆದದ್ದು ಕೇಳಿ ಜನಕ್ಕೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಕಲ್ಲುಗಳನ್ನೇ ತೂರಿದರು. ಒಂದೂ ಪ್ರಭುದೇವರಿಗೆ ತಾಗಲಿಲ್ಲ. ಸುದ್ದಿ ಕೇಳಿ ಸಿದ್ಧರಾಮರೇ ಧಾವಿಸಿ ಬಂದರು. ಅವರಿಗೂ ಕೋಪ ಬಂತು, ಹಣೆಗಣ್ಣಿನಿಂದ ಬೆಂಕಿ ಹೊರಟಿತು, ಅದೂ ಪ್ರಭುದೇವರನ್ನು ಸುಡಲಿಲ್ಲ ಎನ್ನುತ್ತದೆ ಕಥೆ.

ಇದನ್ನು ಬರೀ ಪವಾಡ ಅಂತ ಓದಿದರೆ ಅರ್ಧ ಮಾತ್ರ ಸಿಕ್ಕಿದ ಹಾಗೆ. ಒಡ್ಡ ಅಂದರೆ ಯಾಕೆ ನೋವಾಗಬೇಕು? ಅಲ್ಲಿ ಸೇರಿದ್ದ ಅಷ್ಟೂ ಜನ ಆಗ ಮಾಡುತ್ತಿದ್ದದ್ದು ಅದೇ ಕೆಲಸ ಅಲ್ಲವೇ? ಮಣ್ಣು ಹೊರುವ ಕೈಗಳೇ ಮಣ್ಣು ಹೊರುವವನ ಹೆಸರನ್ನು ಬೈಗುಳ ಎಂದುಕೊಂಡು ಕಲ್ಲು ಎತ್ತಿದವು. ಕೆಲಸ ದೊಡ್ಡದು, ಆದರೆ ಕೆಲಸಗಾರ ಸಣ್ಣವನು ಎಂಬ ಭಾವನೆ ಅಂಥ ಪುಣ್ಯಕಾರ್ಯದ ನಡುವೆಯೂ ಅಡಗಿ ಕೂತಿತ್ತು. ಪ್ರಭುದೇವರು ಒಂದೇ ಮಾತಿನಿಂದ ಅದನ್ನು ಹೊರಗೆ ಎಳೆದರು.

ಆಮೇಲೆ ನಡೆದ ಸಂವಾದದಲ್ಲಿ ಇನ್ನೂ ಆಳದ ಪ್ರಶ್ನೆ ಬಂತು. ಈ ಗುಡಿ, ಈ ಕೆರೆ, ಈ ಲಿಂಗಸ್ಥಾಪನೆ ಎಲ್ಲಾ ಯಾವುದಕ್ಕಾಗಿ? ಪುಣ್ಯಕ್ಕಾಗಿಯಾದರೆ ಅದು ವ್ಯಾಪಾರ. ಹಣ ಕೊಟ್ಟು ಸಾಮಾನು ತಂದ ಹಾಗೆ, ಕೆರೆ ಕೊಟ್ಟು ಸ್ವರ್ಗ ತರುವುದು. ಹೆಸರಿಗಾಗಿಯಾದರೆ ಅದು ಇನ್ನೂ ಕಷ್ಟ, ಹೆಸರು ಕೆಡಿಸುವವನು ಬಂದ ದಿನ ಕೋಪ ಬರುತ್ತದೆ. ಆ ದಿನ ಬಂದದ್ದು ಅದೇ ಕೋಪ. ನಾನು ಮಾಡಿದೆ ಎನ್ನುವ ಒಂದು ಕಾಳು ಒಳಗೆ ಉಳಿದಿದ್ದರೆ ಎಷ್ಟು ದೊಡ್ಡ ಕೆರೆ ಕಟ್ಟಿದರೂ ಅದು ಕಟ್ಟಿದವನಿಗೇ ಬಂಧನ.

ಸಿದ್ಧರಾಮರ ದೊಡ್ಡತನ ಕಾಣುವುದು ಇಲ್ಲಿ. ಅಷ್ಟು ಜನರ ಎದುರಿಗೆ, ಅಷ್ಟು ಹೆಸರು ಗಳಿಸಿದ ಮೇಲೆ, ತನ್ನ ಕೊರತೆ ಒಪ್ಪಿಕೊಳ್ಳುವುದು ಸುಲಭದ ಮಾತಲ್ಲ. ಅವರು ಒಪ್ಪಿಕೊಂಡರು. ಪ್ರಭುದೇವರ ಜೊತೆ ಕಲ್ಯಾಣಕ್ಕೆ ಹೊರಟರು.

ಕಲ್ಯಾಣದಲ್ಲಿ ಕಂಡ ಕಾಯಕ

ಬಸವಣ್ಣನವರ ಕಲ್ಯಾಣದಲ್ಲಿ ಸಿದ್ಧರಾಮರು ಕಂಡದ್ದು ಬೇರೆಯೇ ಲೋಕ. ಅಲ್ಲಿ ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದರು, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದರು, ಹಡಪದ ಅಪ್ಪಣ್ಣ, ಡೋಹರ ಕಕ್ಕಯ್ಯ ಇವರೆಲ್ಲಾ ಶರಣರೆಂದು ಪೂಜ್ಯರು. ಯಾರೂ ತಮ್ಮ ಕೆಲಸದ ಹೆಸರಿಗೆ ನಾಚುತ್ತಿರಲಿಲ್ಲ, ಹೆಸರಿನ ಜೊತೆಗೇ ಕಟ್ಟಿಕೊಂಡಿದ್ದರು. ಸೊನ್ನಲಿಗೆಯಲ್ಲಿ ಬೈಗುಳವಾಗಿ ಕೇಳಿದ್ದು ಇಲ್ಲಿ ಬಿರುದಾಗಿತ್ತು.

ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಬಿದ್ದ ಅಕ್ಕಿ ಕಾಳು ಆಯ್ದು ತಂದು, ಅದರಲ್ಲೇ ಜಂಗಮರಿಗೆ ಬಡಿಸಿ, ಉಳಿದದ್ದು ಉಣ್ಣುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದರು. ಹೆಂಡತಿ ಲಕ್ಕಮ್ಮನಿಗೆ ಸಂತೋಷವಾಗಲಿಲ್ಲ. ಇವತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚು ಯಾಕೆ, ಇದು ಆಸೆ ಅಲ್ಲವೇ ಎಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ತಂದ ಕಡೆಗೇ ಹಿಂದಕ್ಕೆ ಕಳಿಸಿದಳು. ಬಡತನದಲ್ಲಿದ್ದ ಮನೆಯ ಹೆಣ್ಣುಮಗಳ ಮಾತು ಅದು.

ನುಲಿಯ ಚಂದಯ್ಯನದು ಇನ್ನೂ ಆಶ್ಚರ್ಯದ ಕಥೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವರ ಕಾಯಕ. ಒಮ್ಮೆ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಕಳಚಿ ಬಿತ್ತು. ಚಂದಯ್ಯ ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆ ಹೊತ್ತು ನಡೆದೇಬಿಟ್ಟರು. ಕೊನೆಗೆ ಲಿಂಗವೇ ಅವರ ಹಿಂದೆ ಬಂದು, ಕಾಯಕದಲ್ಲಿ ಪಾಲು ಹಂಚಿಕೊಂಡಿತು ಎನ್ನುತ್ತಾರೆ. ಮಾಡುವ ಕೆಲಸ ಶುದ್ಧವಾಗಿದ್ದರೆ ದೇವರು ತಾನಾಗಿ ಹಿಂದೆ ಬರುತ್ತಾನೆ ಎಂಬುದೇ ಇದರ ಒಳಗುಟ್ಟು.

ಇವರ ನಡುವೆ ಇದ್ದು ಸಿದ್ಧರಾಮರು ಕಲಿತದ್ದೇನು? ಕೆಲಸಕ್ಕೆ ಮೂರು ಮೆಟ್ಟಿಲು. ಮೊದಲನೆಯದು ಹೊಟ್ಟೆ, ದುಡಿದು ತಿನ್ನುವುದು. ಎರಡನೆಯದು ಹಂಚುವುದು, ದುಡಿದದ್ದರಲ್ಲಿ ಇನ್ನೊಬ್ಬರಿಗೆ ಪಾಲು ಕೊಡುವುದು, ಅದಕ್ಕೆ ಶರಣರು ದಾಸೋಹ ಎಂದರು. ಮೂರನೆಯದು ಕೆಲಸದಲ್ಲಿ ನಾನು ಎಂಬುದು ಕರಗುವುದು. ಮೇಲಿನ ಮೆಟ್ಟಿಲು ಹತ್ತಿದವನು ಕೆಳಗಿನದನ್ನು ಒಡೆಯುವುದಿಲ್ಲ. ಶರಣರು ಯಾರೂ ದುಡಿಮೆ ಬಿಟ್ಟು ಕೂರಲಿಲ್ಲ, ಕೂಲಿ ಕೇಳಬಾರದು ಅಂತಲೂ ಹೇಳಲಿಲ್ಲ. ಬೇಕಾದಷ್ಟು ತೆಗೆದುಕೋ, ಮೋಸ ಮಾಡಬೇಡ, ಉಳಿದದ್ದು ಕೂಡಿಡಬೇಡ, ಇಷ್ಟೇ ಅವರ ಲೆಕ್ಕ. ಆದ್ದರಿಂದ ಬೇರೆಯವರಿಂದ ದುಡಿಸಿಕೊಂಡು, ಕೂಲಿ ಕೊಡದೆ, ಇದು ದೇವರ ಸೇವೆ ಕಣಯ್ಯಾ ಎಂದು ಹೇಳುವವರಿಗೆ ಶರಣರ ಹೆಸರು ಹೇಳುವ ಅಧಿಕಾರವಿಲ್ಲ.

ಚನ್ನಬಸವಣ್ಣನವರಿಂದ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾಯಿತು ಎಂದು ಶೂನ್ಯಸಂಪಾದನೆ ತಿಳಿಸುತ್ತದೆ. ಅನುಭವ ಮಂಟಪದ ಶೂನ್ಯಪೀಠವನ್ನು ಅಲ್ಲಮಪ್ರಭು, ಚನ್ನಬಸವಣ್ಣನವರ ನಂತರ ಏರಿದವರು ಸಿದ್ಧರಾಮರು ಎಂಬುದು ಪರಂಪರೆಯ ನಂಬಿಕೆ. ಅವರ ವಚನಗಳು ಸಾವಿರಕ್ಕೂ ಹೆಚ್ಚು ಇಂದು ಸಿಗುತ್ತವೆ. ಹೆಣ್ಣನ್ನು ಮಾಯೆ ಎಂದು ಹೀಗಳೆಯುವ ಮಾತನ್ನು ಅವರು ಒಪ್ಪಲಿಲ್ಲ, ಹೆಣ್ಣಿನಲ್ಲಿ ದೇವರನ್ನೇ ಕಂಡರು.

ಮತ್ತೆ ಸೊನ್ನಲಿಗೆಗೆ

ಕಲ್ಯಾಣದಲ್ಲಿ ಕ್ರಾಂತಿಯಾಯಿತು. ಬಿಜ್ಜಳನ ಆಳ್ವಿಕೆ 1160ರ ದಶಕದ ಕೊನೆಯ ಹೊತ್ತಿಗೆ ಮುಗಿಯಿತು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರು ಉಳವಿಯ ಕಾಡಿಗೆ ಹೋದರು. ಸಿದ್ಧರಾಮರು ತಮ್ಮ ಸೊನ್ನಲಿಗೆಗೆ ಮರಳಿದರು. ಅಲ್ಲೇ ಯೋಗಸಮಾಧಿ ಹೊಂದಿದರು. ಆ ಸಮಾಧಿ ಇಂದಿಗೂ ಸೊಲ್ಲಾಪುರದ ಸಿದ್ಧೇಶ್ವರ ದೇವಸ್ಥಾನದ ಆವರಣದಲ್ಲಿದೆ, ದೇವಸ್ಥಾನ ಕೆರೆಯ ನೀರಿನ ನಡುವೆ ಇದೆ.

ಇಲ್ಲಿ ಭಕ್ತರಿಗೆ ಒಂದು ಸಂದೇಹ ಬರಬಹುದು. ಕೆರೆ ಗುಡಿ ಕಟ್ಟುವುದು ಬಂಧನ ಎಂದು ಪ್ರಭುದೇವರು ಹೇಳಿದ ಮೇಲೆ, ಆ ಕೆರೆ ಬೇಡವಾಯಿತೇ? ಇಲ್ಲ. ಪ್ರಭುದೇವರು ಮುರಿದದ್ದು ಕೆರೆಯನ್ನಲ್ಲ, ಕೆರೆಯ ಮೇಲೆ ಬರೆದಿದ್ದ ಹೆಸರನ್ನು. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ ಅದು ಅವರಿಗೆ, ನೀರು ಮಾತ್ರ ಎಲ್ಲರಿಗೆ. ಬಾಯಾರಿ ಬಂದ ದನ, ಪುಣ್ಯಕ್ಕೆ ಕಟ್ಟಿದ ಕೆರೆಯೋ ಹೆಸರಿಗೆ ಕಟ್ಟಿದ ಕೆರೆಯೋ ಅಂತ ಕೇಳಿ ನೀರು ಕುಡಿಯೋದಿಲ್ಲ. ಹಾಗಾದರೆ ಮನಸ್ಸು ಹೇಗಿದ್ದರೂ ಆಯಿತೇ ಅಂದರೆ ಅದೂ ಅಲ್ಲ. ಹೆಸರಿಗೆ ಕಟ್ಟಿದವನು ಉದ್ಘಾಟನೆಯ ದಿನಕ್ಕೆ ಕೈ ತೊಳೆದುಕೊಳ್ಳುತ್ತಾನೆ. ಹೂಳು ಎತ್ತೋದಕ್ಕೆ, ಬಿಲ ಮುಚ್ಚೋದಕ್ಕೆ ಬರುವವನು ಕೆಲಸವನ್ನು ಪ್ರೀತಿಸಿದವನು ಮಾತ್ರ. ಆ ಕೆಲಸಕ್ಕೆ ಕಲ್ಲಿನ ಮೇಲೆ ಹೆಸರು ಕೆತ್ತಿಸುವವರಿಲ್ಲ.

ಪ್ರತಿ ವರ್ಷ ಜನವರಿಯಲ್ಲಿ ಮಕರ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ದೊಡ್ಡ ಜಾತ್ರೆ. ಏಳು ನಂದಿಕೋಲುಗಳ ಮೆರವಣಿಗೆ ನಡೆಯುತ್ತದೆ. ಸಿದ್ಧರಾಮರನ್ನೇ ಮದುವೆಯಾಗಬೇಕೆಂದು ಬಯಸಿದ ಕುಂಬಾರರ ಕನ್ಯೆಗೆ ಅವರು ತಮ್ಮ ಯೋಗದಂಡವನ್ನು ಕೊಟ್ಟರು, ಆ ಮದುವೆಯ ನೆನಪೇ ಈ ಉತ್ಸವ ಎಂಬ ಐತಿಹ್ಯವಿದೆ. ಮಡಕೆ ಮಾಡುವ ಮನೆಯ ಮಗಳು ಅಲ್ಲಿ ದೇವರ ವಧು! ಮಗ್ಗದ ಕೆಲಸಕ್ಕೆ, ಚಾದರಕ್ಕೆ ಹೆಸರಾದ ಊರು ಅದು. ದುಡಿಯುವ ಜನರ ಊರಿಗೆ ದುಡಿದ ಗುರುವೇ ದೇವರು. ಕರ್ನಾಟಕದಲ್ಲಿಯೂ ಅದೇ ಸಮಯಕ್ಕೆ ಸಿದ್ಧರಾಮೇಶ್ವರ ಜಯಂತಿ ನಡೆಯುತ್ತದೆ.

ನಮ್ಮ ಸೀಮೆಗೆ ಗುರುವಿನ ಪಾಠ

ಶಿವನಿ, ಅಜ್ಜಂಪುರದ ಬಯಲು ಮಲೆನಾಡಿನ ಸೆರಗಿನಲ್ಲಿದ್ದರೂ ಮಳೆ ನಂಬಿ ಕೂರುವ ಸೀಮೆ. ಪಡುವಣದ ಬೆಟ್ಟಗಳ ಮೇಲೆ ಸುರಿಯುವ ಮಳೆ ಇಲ್ಲಿಗೆ ಬರುವ ಹೊತ್ತಿಗೆ ತುಂತುರಾಗುತ್ತದೆ. ಆದ್ದರಿಂದಲೇ ನಮ್ಮ ಹಿರಿಯರು ಕೆರೆ ನಂಬಿದರು. ಕಡೂರು ಕಡೆಯ ಮದಗದಕೆರೆ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಇವೆಲ್ಲಾ ಹೆಸರಿಲ್ಲದ ಸಾವಿರಾರು ಕೈಗಳು ಕಟ್ಟಿದವು. ಆ ಮಣ್ಣು ಹೊತ್ತವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ, ಅವರು ಬಿಟ್ಟುಹೋದ ನೀರಿನಲ್ಲಿ ತೆಂಗು, ಅಡಿಕೆ ನಿಂತಿವೆ.

ಇಂದು ಕೆಲಸದ ರೂಪ ಬದಲಾಗಿದೆ. ಶಿವನಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೋ ಹುಬ್ಬಳ್ಳಿಗೋ ದುಡಿಯಲು ಹೋಗುವ ಮಕ್ಕಳಿದ್ದಾರೆ. ಈರುಳ್ಳಿ ಬೆಳೆದು ರೇಟು ಬಿದ್ದ ವರ್ಷ ಯಾಕಾದರೂ ದುಡಿದೆವೋ ಎಂದು ತಲೆ ಮೇಲೆ ಕೈ ಹೊತ್ತು ಕೂರುವ ರೈತರಿದ್ದಾರೆ. ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ದುಡಿದರೂ, ಏನು ಕೆಲಸ ಮಾಡ್ತೀರಮ್ಮಾ ಅಂದರೆ ಏನೂ ಇಲ್ಲ, ಮನೇಲೇ ಇರ್ತೀನಿ ಎನ್ನುವ ತಾಯಂದಿರಿದ್ದಾರೆ. ಇವರೆಲ್ಲರಿಗೂ ಗುರುಸಿದ್ಧರಾಮರ ಜೀವನದಲ್ಲಿ ಸಮಾಧಾನದ ಮಾತಿದೆ. ಫಲ ನಮ್ಮ ಕೈಲಿಲ್ಲ, ಆದರೆ ಕೆಲಸದ ಶುದ್ಧಿ ನಮ್ಮ ಕೈಲಿದೆ. ಫಲ ಸಿಗದ ವರ್ಷವೂ ಶುದ್ಧವಾಗಿ ಮಾಡಿದ ಕೆಲಸ ಸುಳ್ಳಾಗುವುದಿಲ್ಲ. ಹಾಗೆಂದು ನ್ಯಾಯವಾದ ಬೆಲೆ, ನ್ಯಾಯವಾದ ಕೂಲಿ ಕೇಳುವುದನ್ನು ಬಿಡಬೇಕಾಗಿಲ್ಲ, ಅದನ್ನು ಕೊಡುವುದು ಕೊಳ್ಳುವವನ ಕಾಯಕ.

ಗುರುಸಿದ್ಧರಾಮರಿಗೆ ಹರಕೆ ಹೊರುವವರು ಹಣ್ಣುಕಾಯಿಯ ಜೊತೆ ಇನ್ನೊಂದು ಹರಕೆಯನ್ನೂ ಹೊರಬಹುದು. ವರ್ಷಕ್ಕೆ ಒಂದು ದಿನ ಊರ ಕೆರೆಯಂಗಳದಲ್ಲಿ ಹೂಳು ಎತ್ತುವುದು. ಅದಕ್ಕೆ ಹಣ ಬೇಡ, ಒಂದು ಗುದ್ದಲಿ, ಒಂದು ಮಂಕರಿ ಸಾಕು. ಬೆಟ್ಟದ ಮೇಲೆ ಕಸ ಬಿಸಾಡದೆ ಕೆಳಗೆ ತೆಗೆದುಕೊಂಡು ಹೋಗುವುದೂ ಆ ಹರಕೆಯ ಭಾಗವೇ. ಮೆಟ್ಟಿಲು ಗುಡಿಸುವವರು, ದಾಸೋಹದಲ್ಲಿ ಪಾತ್ರೆ ತೊಳೆಯುವವರು ಎದುರಾದರೆ ಒಂದು ಕ್ಷಣ ನಿಂತು ಶರಣು ಹೇಳಿ ಹೋಗಬೇಕು. ಪ್ರಭುದೇವರು ಒಡ್ಡರಾಮ ಎಂದು ಕೂಗಿದ್ದು ಅವರೆಲ್ಲರ ಪರವಾಗಿಯೇ.

ಶ್ರೀ ಗುರು ಸಿದ್ಧರಾಮೇಶ್ವರರ ಕೃಪೆ ದುಡಿಯುವ ಎಲ್ಲ ಕೈಗಳ ಮೇಲಿರಲಿ. ಕೆರೆಕಟ್ಟೆಗಳು ತುಂಬಲಿ. ಸರ್ವರಿಗೂ ಮಂಗಳವಾಗಲಿ.

ಶರಣು ಶರಣಾರ್ಥಿ.